ಒಂದೇ ಮನೆಯ ಪಾಸ್‌ವರ್ಡ್

ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಬಾಯಿಗಿಡುವ ಹೊತ್ತಿಗೇ ಸುಧಾಳ ತಾಯಿ ಲಕ್ಷ್ಮೀದೇವಮ್ಮ ಆ ಮಾತು ಆಡಿದ್ದು. ಆಡಿದ್ದಾದರೂ ಎಂಥ ಹಿಗ್ಗಿನಲ್ಲಿ! ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನು ತಕ್ಕಡಿಗೆ ಬೀಳುವ ಮೊದಲೇ ಹಿಡಿದು ಆಚೆಗೆಸೆದು ಬಂದವರ ಹಾಗೆ.

“ಆ ಕುಣಿಗಲ್ ಹುಡ್ಗಿ ಬ್ಯಾಡ ಅಂತ ಗುಂಡಯ್ಯಂಗೆ ಫೋನ್ ಮಾಡಿ ಹೇಳ್ಬುಟ್ಟೆ ಕಣೇ. ಗರ್ಭಕೋಶದ ಪಕ್ಕದಾಗೆ ನೀರುಗುಳ್ಳೆ ಅವಂತೆ. ಒಂದೊರ್ಷದಿಂದ ಮಾತ್ರೆ ನುಂಗ್ತಾವ್ಳೆ. ಅದ್ನೆಲ್ಲ ಮುಚ್ಚಿಟ್ಟು ನಮ್ ಹುಡುಗನ ತಲೆಗೆ ಕಟ್ಟಾಕೆ ನೋಡ್ತಿದ್ರು.”

ಗುಂಡಯ್ಯ ಗುಬ್ಬಿಯಲ್ಲಿ ಮದುವೆ ಸಂಬಂಧ ಕುದುರಿಸುವವನು. ಹುಡುಗಿಯ ಹೆಸರು ನೇತ್ರಾವತಿ, ಕುಣಿಗಲ್ಲಿನ ಶಾಲೆಯೊಂದರಲ್ಲಿ ಟೀಚರು. ಸುಧಾಳ ತಮ್ಮ ಅನಂತರಾಜು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಇಬ್ಬರಿಗೂ ಒಪ್ಪಿಗೆಯಾಗಿ, ದಿನಾ ಫೋನಿನಲ್ಲಿ ಮಾತಾಡಿಕೊಳ್ಳುವವರೆಗೂ ಬಂದಿತ್ತು.

“ಯಾರಮ್ಮಾ ಹೇಳಿದ್ದು ಇದನ್ನ?”

“ಹೇಳೋದೇನ್ ಬಂತು, ಕಣ್ಣಾರೆ ಕಂಡೆ. ನಮ್ ತಿಮ್ಮೇಶ ಭಾನ್ವಾರ ಬಂದಿದ್ನಲ್ಲ, ಒಸಿ ವಿಚಾರಿಸೋ ಮಗಾ ಅಂದೆ. ಲ್ಯಾಪ್‌ಟಾಪ್ ತೆಗ್ದು ತೋರಿಸೇಬುಟ್ಟ. ಸ್ಕ್ಯಾನಿಂಗ್ ಫೋಟೋನೂ ಐತೆ ಅದ್ರಾಗೆ. ನಂಗೇನ್ ತಿಳೀತದೆ, ಅವ್ನೇ ಓದಿ ಓದಿ ಹೇಳ್ದ. ಒಳ್ಳೇ ಹುಡ್ಗ ಪಾಪ.”

ಸುಧಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ತಿಮ್ಮೇಶ ಅವಳ ದೊಡ್ಡಮ್ಮನ ಮಗ. ಸತ್ಯಮಂಗಲದಲ್ಲಿ ಅವಳು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಯ ಯಜಮಾನನೂ ಅವನೇ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಸಣ್ಣಪುಟ್ಟ ಕ್ಲಿನಿಕ್ಕುಗಳಿಗೆ ರೋಗಿಗಳ ಚೀಟಿ, ರಿಪೋರ್ಟು, ಸ್ಕ್ಯಾನು ಇಟ್ಟುಕೊಳ್ಳುವ ಆಪ್ ಅವರದು. ಅದನ್ನು ಸಾಲು ಸಾಲಾಗಿ ಬರೆದವಳು ಸುಧಾ. ಅಂದರೆ ಅವಳು ಕಟ್ಟಿದ ಮನೆಯ ಕಿಟಕಿಯಿಂದ ಅವಳ ಅಮ್ಮ ಕಂಡವರ ಮನೆ ಹೆಣ್ಣುಮಗಳ ಹೊಟ್ಟೆಯೊಳಕ್ಕೆ ಇಣುಕಿ ನೋಡಿ, ಕೈತೊಳೆದುಕೊಂಡು ಬಂದು ಸಾರು ಬಡಿಸುತ್ತಿದ್ದಳು. ಥೂ!

“ಅಮ್ಮಾ, ಅದು ಆ ಹುಡುಗಿ ಮತ್ತು ಡಾಕ್ಟರ ಮಧ್ಯದ್ದು. ನಿನಗೆ ನಾಚಿಕೆ ಆಗಲ್ವಾ?”

“ನಾಚ್ಕೆ ಯಾಕೆ? ಸಂಬಂಧ ಮಾಡೋರು ನಾಕ್ ಕಡೆ ವಿಚಾರಿಸಲ್ವಾ? ನಮ್ಮತ್ತೆ ನನ್ನ ತರೋವಾಗ ನಮ್ಮೂರ ಅಗಸಗಿತ್ತಿ ಕೈಲಿ ವಿಚಾರಿಸಿದ್ರಂತೆ. ಈಗ ಕಂಪ್ಯೂಟ್ರು ಬಂದೈತೆ, ಕಂಪ್ಯೂಟ್ರಾಗೆ ನೋಡ್ದೆ. ಅಷ್ಟೇಯ.”

ಸುಧಾ ತಮ್ಮನ ಮುಖ ನೋಡಿದಳು. ಅವನಾದರೂ ಸಿಡಿದೇಳುತ್ತಾನೆ ಅಂದುಕೊಂಡಳು. ಅನಂತರಾಜು ತಟ್ಟೆಯಲ್ಲಿ ಕಾಳು ಹುಡುಕುತ್ತಾ, “ಹೋಗ್ಲಿ ಬುಡಕ್ಕ, ಅಮ್ಮ ಮಾಡಿದ್ದು ನನ್ ಒಳ್ಳೇದಕ್ಕೇ ತಾನೆ?” ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಸುಧಾ ಎದ್ದುಹೋಗಿ ತಟ್ಟೆ ತೊಳೆದಿಟ್ಟಳು. ಅವತ್ತು ಅವಳು ಉಣ್ಣಲಿಲ್ಲ.

ಈ ರೋಗ ಇವತ್ತಿನದಲ್ಲ. ಆಪ್ ಶುರುವಾದಾಗಲೇ ಸುಧಾ ಬಡಿದುಕೊಂಡಿದ್ದಳು: ನರ್ಸಿಗೊಂದು ಲಾಗಿನ್, ರಿಸೆಪ್ಷನ್‌ಗೊಂದು, ಮೆಡಿಕಲ್ ಸ್ಟೋರಿನವನಿಗೊಂದು ಇರಲಿ, ಯಾರಿಗೆ ಎಷ್ಟು ಬೇಕೋ ಅಷ್ಟೇ ಕಾಣಲಿ, ಯಾರು ಏನು ತೆರೆದರು ಅನ್ನುವುದು ಅವರವರ ಹೆಸರಲ್ಲೇ ದಾಖಲಾಗಲಿ ಅಂತ. ತಿಮ್ಮೇಶ ಕೇಳಬೇಕಲ್ಲ! “ನಮ್ ಕಡೆ ಜನಕ್ಕೆ ಬೇರೆ ಬೇರೆ ಪಾಸ್‌ವರ್ಡ್ ಕೊಟ್ರೆ, ನಮ್ಮ ಮೇಲೆ ನಂಬಿಕೆ ಇಲ್ವಾ ಅಂತಾರೆ ಕಣೆ. ಪಂಕ್ತೀಲಿ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ಊಟ ಇಕ್ಕಿದಂಗೆ ಆಯ್ತದೆ,” ಅಂದ. ಅಂದು, ಆಫೀಸಿನ ಪೂಜೆಯ ದಿನ ಮಂಗಳಾರತಿ ಆದಮೇಲೆ ತಾನೇ ಕೂತು ಎಲ್ಲ ಕ್ಲಿನಿಕ್ಕುಗಳಿಗೂ ಮನೆದೇವರು ರಂಗನಾಥಸ್ವಾಮಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಟ್ಟ, ಕೊನೆಗೆ ಒಂದು ಅಂಕಿ ಸೇರಿಸಿ. ದೇವರ ಹೆಸರು ಯಾರೂ ಮರೆಯುವುದಿಲ್ಲ ನೋಡಿ! ಮುಂದೆ ಬದಲಾಯಿಸಲು ಹೋದಾಗಲೆಲ್ಲ, “ದೇವ್ರ ಹೆಸ್ರು ತೆಗ್ಯಕೆ ನಿಂಗೆ ಕೈ ಹೆಂಗ್ ಬರ್ತದೆ?” ಅಂತ ಅವಳನ್ನೇ ಗದರಿದ.

ಅದಕ್ಕಿಂತ ಕೆಟ್ಟದ್ದು ಸಪೋರ್ಟ್ ಲಾಗಿನ್. ಕ್ಲಿನಿಕ್ಕಿನವರು ಏನೋ ಕೆಟ್ಟಿದೆ ಅಂತ ಫೋನ್ ಮಾಡಿದರೆ ಇಲ್ಲಿಂದಲೇ ಸರಿಮಾಡಲು ಇಟ್ಟುಕೊಂಡದ್ದು. ಅದಿದ್ದರೆ ಯಾವ ಕ್ಲಿನಿಕ್ಕಿನೊಳಕ್ಕೆ ಬೇಕಾದರೂ ನುಗ್ಗಬಹುದು. ನುಗ್ಗಿದಾಗ ದಾಖಲೆಯಲ್ಲಿ ಬೀಳುವುದು ನುಗ್ಗಿದವನ ಹೆಸರಲ್ಲ, ಆ ಕ್ಲಿನಿಕ್ಕಿನ ಹೆಸರೇ. “ಹೊರಗಿನೋರು ನೋಡಿದ್ರು ಅಂತ ಬಂದ್ರೆ ಕಸ್ಟಮರ್ ಗಾಬರಿಯಾಗ್ತಾರೆ” ಅಂತ ತಿಮ್ಮೇಶನೇ ಹಾಗೆ ಬರೆಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನಿಗೆ ಸುಳಿವಾದರೂ ಸಿಗುತ್ತದೆ. ಇಲ್ಲಿ ಅದೂ ಇಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಕುಣಿಗಲ್ಲಿನಲ್ಲಿ ರಾದ್ಧಾಂತವಾಯಿತು. ಗುಂಡಯ್ಯನ ಬಾಯಿ ಸುಮ್ಮನಿರುತ್ತದೆಯೇ? ಗುಳ್ಳೆಯ ಸುದ್ದಿ ನೇತ್ರಾವತಿಯ ಮನೆಗೂ ಹೋಯಿತು, ಅಕ್ಕಪಕ್ಕದ ಮನೆಗಳಿಗೂ ಹೋಯಿತು. ಹುಡುಗಿ ತನ್ನ ಅಪ್ಪನಿಗೂ ಹೇಳಿಕೊಂಡಿರದ ವಿಷಯ ಅದು. ಅವಳಪ್ಪ, ಮಗಳು ತೋರಿಸಿಕೊಳ್ಳುತ್ತಿದ್ದ ಡಾಕ್ಟರ್ ಚನ್ನಬಸವಯ್ಯನವರ ಕ್ಲಿನಿಕ್ಕಿಗೆ ಬಂದು, ನಿಮ್ಮಲ್ಲಿ ಯಾರೋ ಬಾಯಿಬಿಟ್ಟಿದ್ದಾರೆ ಅಂತ ಕೂಗಾಡಿ ಹೋದರು. ಡಾಕ್ಟರು ಕಂಪ್ಯೂಟರ್ ತೆಗೆದು ನೋಡಿದರು. ಭಾನುವಾರ ಫೈಲ್ ತೆರೆದದ್ದು ಕ್ಲಿನಿಕ್ಕಿನ ಹೆಸರಲ್ಲೇ ಇತ್ತು. ಭಾನುವಾರ ಬೀಗದ ಕೈ ಇರುವುದು ನರ್ಸ್ ಅಂಬುಜಮ್ಮನ ಹತ್ತಿರ. ಆಯಿತಲ್ಲ, ಕಳ್ಳಿ ಸಿಕ್ಕಿದಳು! ಗಂಡ ಹೋದಮೇಲೆ ಆ ಕೆಲಸದಿಂದಲೇ ಮಗಳನ್ನು ಸಾಕಿದ ಹೆಂಗಸು. ಸಾಫ್ಟ್‌ವೇರಿನವರು ಬಂದು ನೋಡಿ ಹೇಳಲಿ, ನೀನೇ ಅಂತ ಗೊತ್ತಾದರೆ ಅವತ್ತೇ ಮನೆಗೆ, ಆಮೇಲೆ ಈ ಊರಿನ ಯಾವ ಕ್ಲಿನಿಕ್ಕಿನಲ್ಲೂ ನಿನಗೆ ಕೆಲಸ ಸಿಗದ ಹಾಗೆ ಮಾಡುತ್ತೇನೆ ಅಂದರಂತೆ ಡಾಕ್ಟರು.

ತಿಮ್ಮೇಶ ಸುಧಾಳನ್ನು ತನ್ನ ಕ್ಯಾಬಿನ್ನಿಗೆ ಕರೆದ. ಎದುರಿಗೆ ತಟ್ಟೆಇಡ್ಲಿ ಇತ್ತು, ತಿನ್ನುತ್ತಲೇ ಮಾತಾಡಿದ.

“ನಾಳೆ ಕುಣಿಗಲ್‌ಗೆ ಹೋಗ್ಬುಟ್ಟು ಬಾ. ದಾಖಲೆ ತೋರಿಸು. ಕ್ಲಿನಿಕ್ ಹೆಸರಲ್ಲೇ ಓಪನ್ ಆಗಿದೆ ಸಾರ್ ಅನ್ನು. ಅಷ್ಟೇ ಸಾಕು.”

“ಓಪನ್ ಮಾಡಿದ್ದು ನೀನಲ್ವಾ ತಿಮ್ಮೇಶಣ್ಣ?”

“ನಾನ್ ಮಾಡ್ದೆ ಅಂತ ಎಲ್ಲೈತೆ? ನೀನು ಸುಳ್ಳು ಹೇಳ್ಬೇಕಿಲ್ಲ ಕಣೆ. ಸ್ಕ್ರೀನಲ್ಲಿ ಇರೋದನ್ನ ಓದು, ಸಾಕು.” ಬೆರಳಿಗಂಟಿದ ಚಟ್ನಿಯನ್ನು ನೆಕ್ಕಿಕೊಂಡ. “ನರ್ಸ್‌ಗೆ ಇದಲ್ದಿದ್ರೆ ಇನ್ನೊಂದ್ ಕಡೆ ಕೆಲ್ಸ ಸಿಕ್ತದೆ. ನಮ್ ಹೆಸ್ರು ಆಚೆ ಬಂದ್ರೆ ಒಂದೇ ವಾರದಲ್ಲಿ ಎಲ್ಲಾ ಕ್ಲಿನಿಕ್ನೋರೂ ಬುಟ್ಟೋಗ್ತಾರೆ. ಇನ್ನೊಂದು ವಿಷ್ಯ. ನೋಡಿದ್ದು ಯಾರು? ನಿಮ್ಮಮ್ಮ. ಮಾನ ಹೋದ್ರೆ ಯಾರ್ ಮನೇದು ಹೋಯ್ತದೆ, ಯೋಚ್ನೆ ಮಾಡು. ನಾವೆಲ್ಲ ಒಂದೇ ಮನೆಯೋರು.”

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಸ್ವಲ್ಪ ಗಾಬರಿ ಇದ್ದಿರಬೇಕು. ಈ ಮನುಷ್ಯ ಎರಡನೇ ಇಡ್ಲಿಗೆ ಬೆಣ್ಣೆ ಹಾಕಿಕೊಳ್ಳುತ್ತಿದ್ದ. ಸುಧಾಗೆ ಅವನ ಬೆರಳು ನೋಡಲಾಗಲಿಲ್ಲ. ಆ ಬೆರಳಲ್ಲೇ ತಾನೇ ಅವನು ಆ ಹುಡುಗಿಯ ಸ್ಕ್ಯಾನನ್ನು ದೊಡ್ಡದು ಮಾಡಿ ಮಾಡಿ ಅಮ್ಮನಿಗೆ ತೋರಿಸಿದ್ದು. ಆಯ್ತು ಹೋಗ್ತೀನಿ ಅಂತಷ್ಟೇ ಹೇಳಿ ಎದ್ದು ಬಂದಳು.

ಮಾರನೆಯ ಬೆಳಿಗ್ಗೆ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದು ಸಪೋರ್ಟ್ ಲಾಗಿನ್ನನ್ನು ಮುಚ್ಚಿಹಾಕಿದಳು. ಪೂರ್ತಿ ಕಿತ್ತಳು, ಮತ್ತೆ ತೆರೆಯುವ ದಾರಿಯೇ ಇಲ್ಲದಂತೆ. ಮೊದಲೇ ಮಾಡಬಹುದಿತ್ತಲ್ಲ ಅನ್ನಿಸಿತು. ಆಮೇಲೆ ಕುಣಿಗಲ್ ಬಸ್ ಹತ್ತಿದಳು.

ಹೆಬ್ಬೂರು ದಾಟುವಷ್ಟರಲ್ಲಿ ತಿಮ್ಮೇಶನ ಫೋನು ಬಡಿದುಕೊಳ್ಳತೊಡಗಿತು. ಎತ್ತಲಿಲ್ಲ. ಕೊನೆಗೆ ಅಮ್ಮನದು ಬಂತು, ಎತ್ತಿದಳು.

“ಏನೇ ಅದು, ಅದೇನೋ ಕಿತ್ತಾಕಿದ್ದೀಯಂತೆ? ನೋಡು, ಅಲ್ಲೋಗಿ ನನ್ ಹೆಸ್ರು ಬಾಯ್ಬುಟ್ಟೀಯಾ, ಜೋಕೆ! ಹೆತ್ತ ತಾಯಿನ ಬೀದಿಗೆ ಎಳ್ದೋಳು ಅನ್ನಿಸ್ಕೋಬ್ಯಾಡ.”

“ಆ ಹುಡುಗೀನ ಬೀದಿಗೆ ಎಳೆದಾಗ ನಿಂಗೆ ಇದು ಹೊಳೀಲಿಲ್ವಾ ಅಮ್ಮ?”

“ಅವ್ಳು ನಮಗೇನಾಗ್ಬೇಕು?”

ಸುಧಾ ಫೋನ್ ಇಟ್ಟಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಇಳಿಯುತ್ತದೆ. ಇದು ಸಿಟ್ಟಲ್ಲ, ಹೇಸಿಗೆ. ಹೆತ್ತವಳ ಮೇಲೆ ಹೇಸಿಗೆ ಹುಟ್ಟಿದರೆ ಅದನ್ನು ಎಲ್ಲಿ ಹೋಗಿ ತೊಳೆದುಕೊಳ್ಳುವುದು?

ಕ್ಲಿನಿಕ್ಕಿನಲ್ಲಿ ಡಾಕ್ಟರು ಒಳಗಿನ ಕೋಣೆಯಲ್ಲಿ ಕಾಯುತ್ತಿದ್ದರು. ಗೋಡೆಗೊತ್ತಿ ಅಂಬುಜಮ್ಮ ನಿಂತಿದ್ದರು, ಐವತ್ತರ ಆಸುಪಾಸಿನವರು, ಅತ್ತು ಅತ್ತು ಕಣ್ಣು ಊದಿತ್ತು. ಕುರ್ಚಿಯಲ್ಲಿ ನೇತ್ರಾವತಿಯೇ ಕೂತಿದ್ದಳು. ಯಾರು ಹೇಳಿದ್ದು ಅಂತ ತನ್ನ ಕಿವಿಯಾರೆ ಕೇಳಬೇಕು ಅಂತ ಶಾಲೆಗೆ ರಜೆ ಹಾಕಿ ಬಂದಿದ್ದಳಂತೆ. ಫೋಟೋದಲ್ಲಿ ನಗುತ್ತಿದ್ದವಳು ಇವಳೇನಾ ಅನ್ನಿಸಿತು ಸುಧಾಗೆ.

“ಹೇಳಮ್ಮ, ಇವ್ಳೇ ತಾನೆ?” ಅಂದರು ಡಾಕ್ಟರು. “ಕಂಪ್ಯೂಟರ್ ಸುಳ್ಳು ಹೇಳಲ್ಲ.”

“ಹೇಳುತ್ತೆ ಸಾರ್. ನಾವು ಹೇಳಿಸಿದ್ರೆ ಹೇಳುತ್ತೆ.” ಸುಧಾ ನಿಂತೇ ಮಾತಾಡಿದಳು. ಕೂತರೆ ಏಳಲಾಗುವುದಿಲ್ಲ ಅನ್ನಿಸಿತ್ತು. “ಫೈಲ್ ತೆಗೆದಿದ್ದು ನಮ್ಮ ಯಜಮಾನ ತಿಮ್ಮೇಶ್. ನಮ್ಮ ಸಪೋರ್ಟ್ ಲಾಗಿನ್‌ನಿಂದ ನಿಮ್ಮ ಹೆಸರಲ್ಲಿ ಒಳಗೆ ಬಂದ. ನೋಡಿದ್ದು ನಮ್ಮಮ್ಮ, ನಮ್ಮನೇಲಿ ಕೂತ್ಕೊಂಡು. ಗುಂಡಯ್ಯಂಗೆ ಹೇಳಿದ್ದೂ ಅವರೇ. ಈ ಅಮ್ಮ ಏನೂ ಮಾಡಿಲ್ಲ.”

ಅಂಬುಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ನೇತ್ರಾವತಿ ಸುಧಾಳ ಕಡೆ ತಿರುಗಿದಳು.

“ನೀವು ಅವರ ಅಕ್ಕನಾ?”

“ಹೂಂ.”

“ಅವರೂ ನೋಡಿದ್ರಾ?”

“ಇಲ್ಲ. ಅಮ್ಮ ಹೇಳಿದ್ದು ಕೇಳಿಸ್ಕೊಂಡ. ಕೇಳಿಸ್ಕೊಂಡು ಊಟ ಮಾಡಿದ.”

ನೇತ್ರಾವತಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. “ಸದ್ಯ, ಬಚಾವಾದೆ,” ಅಂದು ಬ್ಯಾಗು ತೆಗೆದುಕೊಂಡು ಎದ್ದಳು. ಕ್ಷಮಿಸಿ ಅನ್ನಲು ಸುಧಾಗೆ ಬಾಯಿ ಬರಲಿಲ್ಲ. ಆ ಪದವೂ ಎಂಜಲಾಗಿದೆ ಅನ್ನಿಸಿತು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಸರಿ ಸರಿ, ಅಂಬುಜಮ್ಮ, ಹೋಗಿ ಕೆಲಸ ನೋಡ್ಕೊ. ಏನೋ ತಪ್ಪು ತಿಳುವಳಿಕೆ ಆಯ್ತು.” ಅಷ್ಟೇ. ಊರ ಮುಂದೆ ಕಳ್ಳಿ ಮಾಡಿದವಳಿಗೆ ಆ ಒಂದು ಮಾತು! ಇಬ್ಬರು ಹೆಂಗಸರೂ ಹೊರಗೆ ಹೋದರು. ಡಾಕ್ಟರು ತಾವೇ ಎದ್ದು ಬಾಗಿಲು ಹಾಕಿ ಬಂದು ಕೂತರು. ಕಂಪನಿಯ ಮೇಲೆ ಕೇಸು ಹಾಕುತ್ತಾರೆ, ಬೈಯುತ್ತಾರೆ ಅಂತ ಸುಧಾ ಸಿದ್ಧವಾಗಿದ್ದಳು. ಬೈಸಿಕೊಳ್ಳಬೇಕು ಅಂತಲೂ ಇತ್ತು.

ಡಾಕ್ಟರು ಮೇಜಿನ ಮೇಲೆ ಬಗ್ಗಿ ದನಿ ತಗ್ಗಿಸಿದರು.

“ಅಲ್ಲಮ್ಮ, ಆ ನಿಮ್ಮ ಸಪೋರ್ಟಲ್ಲಿ ಎಲ್ಲಾ ಕ್ಲಿನಿಕ್‌ದೂ ಬರ್ತದಾ? ಗುಬ್ಬೀದೂ? ನಮ್ಮ ಹುಡುಗನಿಗೆ ಗುಬ್ಬಿ ಕಡೆಯಿಂದ ಒಂದು ಸಂಬಂಧ ಬಂದಿದೆ. ಮನೆತನ ಏನೋ ಚೆನ್ನಾಗಿದೆ. ಆದ್ರೂ ಸುಮ್ನೆ ಒಂದ್ಸಲ ನೋಡ್ಬಿಟ್ರೆ ಸಮಾಧಾನ, ನೋಡು. ನಮ್ಮ ನಮ್ಮಲ್ಲೇ ಇರ್ಲಿ.”

ಒಂದು ಗಳಿಗೆ ಸುಧಾಗೆ ಕೇಳಿಸಿದ್ದು ನಿಜವೋ ಅಲ್ಲವೋ ಅನ್ನಿಸಿತು. ಎದುರಿಗೆ ಕುತ್ತಿಗೆಯಲ್ಲಿ ಸ್ಟೆತಸ್ಕೋಪು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಅಮ್ಮನ ಮುಖದಲ್ಲಿದ್ದ ಅದೇ ಹಿಗ್ಗು. ಸುಧಾ ಹೋಗಿ ಬಾಗಿಲನ್ನು ದಡಾರನೆ ತೆಗೆದಳು.

“ನೇತ್ರಾವತಿ, ಅಂಬುಜಮ್ಮ, ಒಂದ್ನಿಮಿಷ ಬನ್ನಿ ಇಲ್ಲಿ. ಸಾರ್ ಏನೋ ಕೇಳ್ತಾವ್ರೆ. ನಿಮ್ಮಿಬ್ರ ಮುಂದೇನೇ ಕೇಳ್ಲಿ.”

“ಏಯ್, ಏನಿಲ್ಲ, ಏನಿಲ್ಲ!” ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು.

“ಅವರ ಮಗನಿಗೆ ಗುಬ್ಬೀಲಿ ಹುಡುಗಿ ನೋಡ್ತಿದ್ದಾರಂತೆ. ಅವಳ ಫೈಲ್ ತೆಗೆದು ತೋರಿಸ್ಬೇಕಂತೆ,” ಅಂದಳು ಸುಧಾ, ಹೊರಗೆ ಬೆಂಚಿನಲ್ಲಿ ಕೂತ ರೋಗಿಗಳಿಗೂ ಕೇಳುವಷ್ಟು ಗಟ್ಟಿಯಾಗಿ. “ಆ ಲಾಗಿನ್ ಇವತ್ತು ಬೆಳಿಗ್ಗೆ ನಾನೇ ಕಿತ್ತಾಕಿದೀನಿ ಸಾರ್. ಇನ್ನು ನಮ್ಮ ಆಫೀಸಿಂದ ಯಾರೂ ನೋಡಕ್ಕಾಗಲ್ಲ.”

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಒಬ್ಬಾಕೆ ಕೈಯಲ್ಲಿದ್ದ ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಸೇರಿಸಿಕೊಂಡಳು. ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿದರು. ನೇತ್ರಾವತಿ ಒಳಕ್ಕೆ ಬರಲೇ ಇಲ್ಲ, ಹೊಸ್ತಿಲಿನಾಚೆಯಿಂದಲೇ ಅವರ ಬೆನ್ನು ನೋಡಿ ಹೊರಟುಹೋದಳು.

ಅಂಬುಜಮ್ಮ ಮಾತ್ರ ಒಳಗೆ ಬಂದು ಸುಧಾಳ ಮುಂದೆ ನಿಂತರು. ಈಗ ಅವರು ಅಳುತ್ತಿರಲಿಲ್ಲ.

“ಇವತ್ತು ಬೆಳಿಗ್ಗೆ ಮುಚ್ಚಿದ್ರಿ ಸರಿ ಕಣಮ್ಮ. ಮುಚ್ಚಾಕೆ ಮುಂಚೆ? ನಮ್ ಹುಡ್ಗೀಗೆ ಎರಡು ಸಂಬಂಧ ಹತ್ರ ಬಂದು ಮುರಿದೋದ್ವು. ಯಾಕೆ ಅಂತ ಇವತ್ತಿಗೂ ಒಬ್ರೂ ಬಾಯ್ಬುಟ್ಟಿಲ್ಲ. ಅವ್ಳ ಫೈಲೂ ಇದ್ರಾಗೇ ಐತೆ. ನಾನೇ ನನ್ ಕೈಯಾರೆ ಟೈಪ್ ಮಾಡಿ ಹಾಕಿದ್ದು. ಯಾರ್ ಯಾರ್ ನೋಡವ್ರೆ ಅಂತ ಒಸಿ ತೆಗ್ದು ಹೇಳ್ತೀಯಾ?”

ಸುಧಾ ಕಂಪ್ಯೂಟರಿನ ಮುಂದೆ ಕೂತು ಅಂಬುಜಮ್ಮನ ಮಗಳ ಹೆಸರು ಕೇಳಿ ಹಾಕಿ ದಾಖಲೆ ತೆರೆದಳು. ಮೇಲಿಂದ ಕೆಳಕ್ಕೆ ಓದಿದಳು. ಫೈಲು ಎಷ್ಟೋ ಸಲ ತೆರೆದಿತ್ತು, ಕೆಲವು ಭಾನುವಾರಗಳಲ್ಲೂ. ಪ್ರತಿ ಸಾಲಿನ ಮುಂದೆಯೂ ಒಂದೇ ಹೆಸರು.

“ಗೊತ್ತಾಗಲ್ಲಮ್ಮ,” ಅಂದಳು. “ಯಾರೇ ನೋಡಿದ್ರೂ ನಿಮ್ ಕ್ಲಿನಿಕ್ ಹೆಸರಲ್ಲೇ ನೋಡಿದಾರೆ.”