ನೆಲಕ್ಕಿಟ್ಟ ಪಾತ್ರೆ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಚರ್ಚಿಗೆ ಬೇಕಾದ ಮೇಣದಬತ್ತಿ ಎರೆಯುತ್ತೇವೆ. ಆ ಕೋಣೆಗೆ ಇರುವುದು ಒಂದೇ ಕಟ್ಟಳೆ: ಒಲೆಯಿಂದ ಇಳಿಸಿದ ಪಾತ್ರೆ ಎತ್ತರದ ಕಲ್ಲುಕಟ್ಟೆಗೆ ಹೋಗಬೇಕು, ನೆಲಕ್ಕಲ್ಲ. ಕರಗಿದ ಮೇಣವನ್ನು ನಂಬುವಂತಿಲ್ಲ. ಸ್ವಲ್ಪ ಆರಿದರೆ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟುತ್ತದೆ. ನೋಡಿದರೆ ಗಟ್ಟಿಯಾಗಿದೆ ಅನ್ನಿಸುತ್ತದೆ. ಒಳಗೆ ಕುದಿ ಹಾಗೇ ಇರುತ್ತದೆ.

ಆ ದಿನ ಭಾವ ಪಾತ್ರೆಯನ್ನು ನೆಲಕ್ಕಿಟ್ಟರು. ಅವರು ನನ್ನ ಗಂಡನ ಅಣ್ಣ. ಅವರಷ್ಟು ನಯವಾಗಿ ಬತ್ತಿ ಎರೆಯುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವವರೂ ಅವರೇ. ಕಟ್ಟೆಯ ತುಂಬ ಅಚ್ಚುಗಳಿದ್ದವು, ಸರಿಸಲು ಬೇಸರ. ಬಾಗಿಲಲ್ಲಿ ನಿಂತಿದ್ದ ನನ್ನ ಮಗಳಿಗೆ "ಗುಬ್ಬಿ, ಮುಟ್ಬೇಡ" ಅಂದು, ಬೀದಿಯಲ್ಲಿ ಯಾರೋ ಕರೆದರೆಂದು ಹೊರಗೆ ಹೋಗಿ ಮಾತಿಗೆ ನಿಂತರು. ಗುಬ್ಬಿಗೆ ಆರು ವರ್ಷ. ಆ ಬಿಳಿ ಕೆನೆಯ ಮೇಲೆ ತನ್ನ ಅಂಗೈ ಮೂಡಿಸಬೇಕು ಅನ್ನಿಸಿತಂತೆ. ಬಟ್ಟೆ ಒಣಹಾಕುತ್ತಿದ್ದ ನನಗೆ ಕೇಳಿಸಿದ್ದು ಅವಳ ಚೀರಾಟ.

ಗಾಯವೇನೋ ಮಾಯಿತು. ಬಲಗೈಯ ಎರಡು ಬೆರಳುಗಳು ಮಾತ್ರ ಒಂದಕ್ಕೊಂದು ಅಂಟಿ, ಬಾಗಿಯೇ ಉಳಿದವು.

"ಎಲ್ಲಾ ದೇವರ ಚಿತ್ತ" ಅಂದರು ಭಾವ. ಅತ್ತೆ ತಲೆಯಾಡಿಸಿದರು. ಅಣ್ಣನ ಎದುರು ಬಾಯಿ ತೆರೆಯದ ನನ್ನ ಗಂಡ ನೆಲ ನೋಡಿದರು. ನಾನು ಆ ಬೆರಳುಗಳಿಗೆ ಎಣ್ಣೆ ಸವರುತ್ತಾ ಸುಮ್ಮನಿದ್ದೆ.

ಸುಮ್ಮನಿರಲು ಆಗದೇ ಹೋದದ್ದು ಒಂದು ಭಾನುವಾರ. ಪಾಠ ಮುಗಿಸಿ ಬಂದ ಗುಬ್ಬಿ ಎಡಗೈಯಲ್ಲಿ ಉಣ್ಣುತ್ತಾ ಕೇಳಿದಳು: "ಅಮ್ಮ, ನಾನು ಹುಟ್ಟುವಾಗ್ಲೇ ನನ್ನೊಳಗೆ ಪಾಪ ಇತ್ತಂತೆ, ಹೌದಾ?"

"ಯಾರು ಹೇಳಿದ್ದು?"

"ದೊಡ್ಡಪ್ಪ. ಎಲ್ಲರ ಮುಂದೆ ನಿಲ್ಲಿಸಿ ಕೈ ತೋರ್ಸು ಅಂದ್ರು. ಬೇಡ ಅಂದಿದ್ದನ್ನ ಆದಾಮ, ಹವ್ವ ಮುಟ್ಟಿದ್ರಂತೆ, ನಾನೂ ಹಂಗೇನಂತೆ." ತುತ್ತು ಹಿಡಿದ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. "ಈ ಕೈಯಲ್ಲೂ ಇದ್ಯಾ ಅದು?"

ಮರುದಿನ ಪಾದ್ರಿಗಳ ಮನೆಗೆ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿಯ ಮೇಲಿನ ಪುಸ್ತಕಗಳನ್ನು ತಾವೇ ಎತ್ತಿ ಕೂರಿಸಿದರು.

"ಫಾದರ್, ಆ ಮರಾನ ತೋಟದಲ್ಲಿ ಇಟ್ಟಿದ್ದು ಯಾರು?"

"ದೇವರೇ."

"ಮುಟ್ತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತಮ್ಮ. ಆದ್ರೆ ಗೊತ್ತಿರೋದು ಬೇರೆ, ಮಾಡ್ಸೋದು ಬೇರೆ. ದೇವರು ಪಾಪಾನ ಬಯಸ್ಲಿಲ್ಲ, ತಡೀಲೂ ಇಲ್ಲ. ಸ್ವಂತ ಇಚ್ಛೆ ಕೊಟ್ಟಿದ್ದ. ಅದಿಲ್ಲದಿದ್ರೆ ಮನುಷ್ಯ ಪ್ರೀತಿಸೋಕೂ ಆಗ್ತಿರ್ಲಿಲ್ಲ. ಆ ಇಚ್ಛೆ ಅಡ್ಡದಾರಿ ಹಿಡೀತು, ಪಾಪ ಹುಟ್ಟಿದ್ದೇ ಅಲ್ಲಿ."

"ಆಗ್ಲಿ. ಹಾಗಾದ್ರೆ ನಮ್ಮ ಭಾವನಿಗೂ ಸ್ವಂತ ಇಚ್ಛೆ ಇದೆ ತಾನೇ? ಪಾತ್ರೆ ನೆಲಕ್ಕಿಟ್ಟಿದ್ದು ಅದೇ ಅಲ್ವಾ? ದೇವರ ವಿಚಾರ ದೇವರಿಗೇ ಇರ್ಲಿ. ಭಾವ ದೇವರಲ್ಲವಲ್ಲ ಫಾದರ್. 'ನಾನೇ ಇಟ್ಟೆ' ಅಂತ ನನ್ನ ಮಗಳ ಎದುರು ಒಂದು ಮಾತು ಹೇಳ್ಲಿ. ನಂಗೆ ಬೇರೇನೂ ಬೇಡ."

ಪಾದ್ರಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳ್ತೀನಿ" ಅಂದರು. ಹೇಳಿದರು ಕೂಡ. ಅಂದೇ ಸಂಜೆ ಭಾವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಫಾದರ್ ಹತ್ರ ಚಾಡಿ ಹೇಳೋ ಮಟ್ಟಕ್ಕೆ ಬಂದ್ಯಾ? ಮಿಕ್ಕಿದ ಮೇಣದಲ್ಲಿ ಗುಬ್ಬಚ್ಚಿ ಮಾಡಿಸಿ ಮಗೂಗೆ ಆ ಹುಚ್ಚು ಹಿಡಿಸಿದ್ದು ಯಾರು? ನೀನೇ ಅಲ್ವಾ?"

"ಆದಾಮನಿಗೂ ಬೆರಳು ತೋರ್ಸೋಕೆ ಹೆಂಗಸೇ ಸಿಕ್ಕಿದ್ದು, ಭಾವ" ಅಂದೆ, ಪಾತ್ರೆ ಉಜ್ಜುತ್ತಲೇ. "ಗುಬ್ಬಚ್ಚಿ ಕಲಿಸಿದ್ದು ನಾನೇ. ಅದನ್ನ ಅವಳ ಮುಂದೆ ಹೇಳಿದ್ದೀನಿ. ನಿಮ್ದು ನೀವು ಹೇಳಿ."

ಅವರು ಹಿಂದಿನ ಕೋಣೆಯತ್ತ ತಿರುಗಿ ನೋಡಿದರು. ಆಮೇಲೆ, ನಾನು ಎಣಿಸದಿದ್ದದ್ದನ್ನು ಮಾಡಿದರು. ಗುಬ್ಬಿಯನ್ನು ಕರೆದು, ಅವಳ ಎದುರು ನೆಲದ ಮೇಲೆ ಮಂಡಿಯೂರಿದರು.

"ಗುಬ್ಬಿ, ಆ ಪಾತ್ರೆ ನೆಲಕ್ಕಿಟ್ಟಿದ್ದು ನಾನು. ಇಡಬಾರದಾಗಿತ್ತು. ತಪ್ಪು ನಂದು ಪುಟ್ಟಾ." ಕಣ್ಣಲ್ಲಿ ನೀರಿತ್ತು, ನಾಟಕವಲ್ಲ. ನನ್ನ ಎದೆಯ ಕಲ್ಲು ಇನ್ನೇನು ಇಳಿಯಿತು ಅಂದುಕೊಂಡೆ.

ಗುಬ್ಬಿ ಬಾಗಿದ ಬೆರಳುಗಳಿಂದ ಅವರ ಭುಜ ತಟ್ಟಿದಳು. "ಇಲ್ಲ ದೊಡ್ಡಪ್ಪ. ನೀವು ಬೇಡ ಅಂದಿದ್ರಲ್ಲ. ಪಾತ್ರೆ ಎಲ್ಲಿದ್ರೂ ನಾನು ಮುಟ್ತಿದ್ದೆ. ನಂಗೆ ಪಾಠ ಬರುತ್ತೆ." ಕೈ ಕಟ್ಟಿ ನಿಂತು, ಆದಾಮನಿಂದ ಶುರುಮಾಡಿ, ಎಲ್ಲೂ ತಡವರಿಸದೆ ಪೂರ್ತಿ ಒಪ್ಪಿಸಿದಳು.

ಭಾವನ ಮುಖ ಹಗುರಾಗುವುದನ್ನು ನಾನು ನಿಂತು ನೋಡಿದೆ. "ಕೇಳಿಸ್ಕೊಂಡ್ಯಾ? ಅವಳೇ ಹೇಳ್ತಿದ್ದಾಳೆ" ಅಂದು, ಕಣ್ಣೊರೆಸಿಕೊಂಡು, ಮಂಡಿಯ ಧೂಳು ಕೊಡವಿ ಎದ್ದು ಹೋದರು. ಮುಂದಿನ ಭಾನುವಾರ ಅವರು ಪಾಠದಲ್ಲಿ ಅವಳನ್ನು ಹೊಗಳಿದರಂತೆ.

ಇವತ್ತು ಅವರಿಲ್ಲದ ಹೊತ್ತಿನಲ್ಲಿ ಅಚ್ಚುಗಳಿಂದ ಮಿಕ್ಕ ಮೇಣವನ್ನು ಕೆರೆದು ತೆಗೆದೆ. ನನ್ನ ಕೆನ್ನೆಗೆ ಒತ್ತಿಕೊಂಡು ನೋಡಿದೆ, ಹದವಾಗಿ ಬೆಚ್ಚಗಿತ್ತು. ಉಂಡೆ ಮಾಡಿ ಅಂಗೈಯಲ್ಲಿಟ್ಟು ಚಾಚಿದೆ. "ಬಾ, ಗುಬ್ಬಚ್ಚಿ ಮಾಡೋಣ."

ಗುಬ್ಬಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಉಂಡೆಯನ್ನು ನೋಡಿದಳು, ಆಸೆಯಿತ್ತು. ಆಮೇಲೆ ನನ್ನ ಮುಖ ನೋಡಿದಳು.

"ನನ್ನ ಪರೀಕ್ಷೆ ಮಾಡ್ತಿದ್ದೀಯಾ ಅಮ್ಮ?"

"ಇಲ್ಲ ಕಂದಾ, ನಿಂಗೇ ಅಂತ ಮಾಡಿದ್ದು."

ಅವಳು ಕೈ ಬಿಚ್ಚಲಿಲ್ಲ. ಚಾಚಿದ ನನ್ನ ಅಂಗೈಯಲ್ಲೇ ಮೇಣ ಆರಿ ಕಲ್ಲಾಯಿತು.