ಎರವಲು ಫ್ಯಾನಿನ ಗಾಳಿ

ಇಲೊಯಿಲೊ ನಗರ ಕಚೇರಿಯ ಕೆಳಮಹಡಿಯಲ್ಲಿ ಬಡವರಿಗೆಂದೇ ನಾಲ್ಕು ಕಿಟಕಿಗಳಿದ್ದವು. ಒಂದು ಕೆಲಸಕ್ಕೆ, ಒಂದು ತರಬೇತಿಗೆ, ಒಂದು ಮನೆ ಬಾಡಿಗೆಯ ನೆರವಿಗೆ, ಕೊನೆಯದು ಸಾಲದ ಸಲಹೆಗೆ. ಮೂರು ವಾರದಲ್ಲಿ ವಿಲ್ಮಾ ನಾಲ್ಕರ ಮುಂದೆಯೂ ನಿಂತು ಬಂದಿದ್ದಳು. ಕಾರ್ಖಾನೆಯವರು ತರಬೇತಿ ಆದವರನ್ನೇ ಕೇಳುತ್ತಾರೆಂದು ಕೆಲಸದ ಕಿಟಕಿಯವನು ಅವಳನ್ನು ಪಕ್ಕಕ್ಕೆ ಕಳಿಸಿದ. ತರಬೇತಿಯ ಕಿಟಕಿಯಾಕೆ ವಿಳಾಸಕ್ಕೆ ಪುರಾವೆಯಾಗಿ ಬಾಡಿಗೆ ರಸೀದಿ ತರಲು ಹೇಳಿದಳು. ಬಾಕಿ ತೀರುವ ತನಕ ಮನೆಯೊಡತಿ ರಸೀದಿ ಕೊಡುವುದಿಲ್ಲ ಅಂದಾಗ ಬಾಡಿಗೆ ಕಿಟಕಿಯವರು ಸಾಲದ ಕಿಟಕಿ ತೋರಿಸಿದರು. ಅಲ್ಲಿದ್ದ ಮುದುಕ ಕನ್ನಡಕ ತೆಗೆದು ಒರೆಸುತ್ತಾ, "ನೋಡಮ್ಮ, ಮೊದ್ಲು ಒಂದು ಕೆಲಸ ಹುಡುಕ್ಕೋ. ಆಮೇಲೆ ಸಾಲದ ಮಾತು" ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗಳೇ ನಾಲ್ವರಿದ್ದರು.

ಕೊನೆಗೆ ತರಬೇತಿಯ ಕಿಟಕಿಯಾಕೆಗೇ ಕರುಣೆ ಬಂತು. ರಸೀದಿ ಇಲ್ಲದಿದ್ದರೆ ಬೇಡ, ಬಡಾವಣೆಯ ಬರಾಂಗಾಯ್ ಕಚೇರಿಯಿಂದ ಬಡತನದ ಪ್ರಮಾಣಪತ್ರ ತಂದರಾಯಿತು, ಆಮೇಲೆ ನಮ್ಮವರೊಬ್ಬರು ಮನೆಗೆ ಬಂದು ನೋಡಿಕೊಂಡು ಹೋಗುತ್ತಾರೆ ಅಂದಳು. ಮೂರು ತಿಂಗಳು ಕಾರ್ಖಾನೆಯ ಹೊಲಿಗೆ ಕಲಿಸುತ್ತಾರೆ. ದಿನಕ್ಕೆ ಇನ್ನೂರೈವತ್ತು ಪೆಸೊ ಕೊಡುತ್ತಾರೆ. ಆಯ್ಕೆಯಾದವರ ಎರಡು ತಿಂಗಳ ಬಾಡಿಗೆಯನ್ನು ನಗರ ಕಚೇರಿಯೇ ನೇರವಾಗಿ ಮನೆಯೊಡತಿಗೆ ಕಟ್ಟುತ್ತದೆ. ಮೂವತ್ತು ಜಾಗ. ಪಟ್ಟಿ ಶುಕ್ರವಾರ.

ಬಾಕಿ ಕಟ್ಟಲು ಮನೆಯೊಡತಿ ಕೊಟ್ಟಿದ್ದ ಗಡುವು ತಿಂಗಳ ಕೊನೆಯ ತನಕ. ವಿಲ್ಮಾಳ ಗಂಡ ರೊದೇಲ್ ಕೆಲಸ ಮಾಡುತ್ತಿದ್ದ ಸರಕು ದೋಣಿ ರಿಪೇರಿಗೆಂದು ಸೆಬು ಬಂದರಿನ ದಡಕ್ಕೆ ಏರಿ ಮೂರು ತಿಂಗಳಾಗಿತ್ತು. ಅವನು ಅಲ್ಲೇ ಕಾವಲು ಕೂತು ತನ್ನ ಹೊಟ್ಟೆಯ ಮಟ್ಟಿಗೆ ಸಂಪಾದಿಸುತ್ತಿದ್ದ. ಇಲ್ಲಿ ವಿಲ್ಮಾ, ಎಂಟು ವರ್ಷದ ಮಗಳು, ಮತ್ತು ಅತ್ತೆ ಪೂರಿಂಗ್. ಹೊಲಿಗೆಯ ಜಾಗ ಸಿಕ್ಕದಿದ್ದರೆ ಮೂವರೂ ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕೆಂದು ವಿಲ್ಮಾಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ದಿನವೂ ಬೆಳಿಗ್ಗೆ ಏಳುವ ಮೊದಲೇ ಅವಳ ಎದೆಯ ಮೇಲೆ ಬಂದು ಕೂತಿರುತ್ತಿತ್ತು.

ಸರದಿಯಲ್ಲಿ ನಿಂತಾಗ ಮುಂದಿದ್ದ ಹೆಂಗಸೊಬ್ಬಳು ಇನ್ನೊಂದು ಹುಳ ಬಿಟ್ಟಿದ್ದಳು. "ಮನೇಲಿ ಹೊಲಿಗೆ ಮಷೀನ್ ಏನಾದ್ರೂ ಇದೆಯಾ? ಇದ್ರೆ ಮುಗೀತು ಬಿಡು. ಜೀವನಕ್ಕೆ ದಾರಿ ಇದೆ ಅಂತ ಬರ್ಕೊಂಡು ಹೋಗ್ತಾರೆ. ನಮ್ಮ ನಾದಿನಿಗೆ ಹಾಗೇ ಆಯ್ತು."

ಅತ್ತೆ ಪೂರಿಂಗ್ ಬಳಿ ಮಷೀನ್ ಇತ್ತು. ಕೈಯಲ್ಲಿ ತಿರುಗಿಸುವ ಹಳೆಯ ಕಪ್ಪು ಮಷೀನು. ಹಾಗಾಗಿ ಬುಧವಾರ ಬೆಳಿಗ್ಗೆ ಅತ್ತೆ ಚರ್ಚಿಗೆ ಹೋಗಿದ್ದಾಗ ವಿಲ್ಮಾ ಅದನ್ನು ದುಪ್ಪಟಿಯಲ್ಲಿ ಸುತ್ತಿ, ಪಕ್ಕದ ಮನೆಯ ದೆಲಿಯಾಳ ಮಂಚದ ಕೆಳಗೆ ತಳ್ಳಿ ಬಂದಳು. ದೆಲಿಯಾ ಹಲ್ಲುಜ್ಜುತ್ತಾ ನೋಡಿದಳು. "ಏನೇ ಇದು, ಹೆಣ ಸಾಗಿಸೋ ಹಾಗೆ?" ಅಂದಳಷ್ಟೆ, ಹೆಚ್ಚು ಕೇಳಲಿಲ್ಲ.

ಅತ್ತೆಗೆ ವಿಲ್ಮಾ ಹೇಳಿದ್ದು ಒಂದೇ ಮಾತು. "ಅಮ್ಮ, ಕೆಲಸ ಕೊಡೋ ಆಫೀಸಿಂದ ಒಬ್ರು ಮೇಡಂ ಬರ್ತಾರೆ. ಮನೆ ನೋಡ್ಕೊಂಡು ಹೋಗೋಕೆ." ಬಡತನದ ಪ್ರಮಾಣಪತ್ರ ಅನ್ನುವ ಮಾತು ಅವಳ ನಾಲಿಗೆಗೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಊರವರ ಬಟ್ಟೆ ಒಗೆದು ಯಾರ ಮುಂದೆಯೂ ಕೈಚಾಚದ ಮುದುಕಿಯ ಮುಂದೆ ನಿಂತು, ನಾವು ದರಿದ್ರರು ಅಂತ ಬರೆಸಿಕೊಂಡು ಬರುತ್ತೇನೆ ಎಂದು ಹೇಗೆ ಹೇಳುವುದು?

ಮೇಡಂ ಬರುವುದು ಮಧ್ಯಾಹ್ನ ಮೂರಕ್ಕೆ ಎಂದಿತ್ತು. ಹನ್ನೊಂದಕ್ಕೇ ವಿಲ್ಮಾ ಪತ್ರದ ಸಹಿಗಾಗಿ ಬರಾಂಗಾಯ್ ಕಚೇರಿಗೆ ಹೋದಳು. ಸಹಿ ಹಾಕಬೇಕಾದ ಅಲ್ಲಿನ ಮುಖ್ಯಸ್ಥ ಕಪಿತಾನ್ ಯಾರದೋ ನಾಮಕರಣದ ಊಟಕ್ಕೆ ಹೋಗಿದ್ದರು. ಈಗ ಬರುತ್ತಾರೆ, ಈಗ ಬರುತ್ತಾರೆ ಎನ್ನುತ್ತಾ ಗುಮಾಸ್ತ ಎರಡೂವರೆ ಮಾಡಿದ. ವಿಲ್ಮಾ ಗೋಡೆ ಗಡಿಯಾರವನ್ನು ನೋಡಿ ನೋಡಿ ಅದರ ಮುಳ್ಳಿಗೇ ಬೇಸರ ಬರಿಸಿರಬೇಕು. ಸಹಿ ಬಿದ್ದಾಗ ಎರಡೂ ಮುಕ್ಕಾಲು. ಜೀಪಿನ ಬಾಡಿಗೆಯನ್ನು ಉಳಿಸುವ ಆಸೆಯನ್ನು ಅಂದು ಬಿಟ್ಟು, ಪತ್ರ ಮಡಿಕೆಯಾಗದಂತೆ ಎದೆಗೆ ಹಿಡಿದುಕೊಂಡು ಮನೆ ಸೇರಿದಳು.

ಓಣಿಯ ತಿರುವಿನಲ್ಲೇ ಟಿ.ವಿ.ಯ ಸದ್ದು ಕೇಳಿಸಿತು. ಹತ್ತಿರ ಬಂದಂತೆ ಆ ಸದ್ದು ತಮ್ಮ ಮನೆಯಿಂದಲೇ ಬರುತ್ತಿದೆ ಎಂದು ತಿಳಿಯಿತು. ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ.

ವಿಲ್ಮಾ ಬಾಗಿಲಲ್ಲೇ ನಿಂತುಬಿಟ್ಟಳು. ಒಂದೇ ಕೋಣೆಯ ಆ ಮನೆಯಲ್ಲಿ ಎದುರು ಮನೆಯ ರಿಕ್ಷಾದವನ ಟಿ.ವಿ. ಹಾಡುತ್ತಿತ್ತು. ದೆಲಿಯಾಳ ನಿಲುವು ಫ್ಯಾನು ತಲೆಯಾಡಿಸುತ್ತಾ ಗಾಳಿ ಬೀಸುತ್ತಿತ್ತು. ದೆಲಿಯಾಳ ಮದುವೆಯ ಕುರ್ಚಿ, ದೆಲಿಯಾಳ ಹೂವಿನ ಚಿತ್ರದ ತಟ್ಟೆಗಳು, ಯಾರದೋ ಕಸೂತಿಯ ಮೇಜುಬಟ್ಟೆ. ಮೂಲೆಯಲ್ಲಿ, ಅಂಥದೇ ಇನ್ನೊಂದು ಕಸೂತಿ ಬಟ್ಟೆ ಹೊದ್ದು, ತಲೆಯ ಮೇಲೆ ಬಾಲಯೇಸುವಿನ ಪುಟ್ಟ ಪ್ರತಿಮೆಯನ್ನು ಹೊತ್ತು, ಬೆಳಿಗ್ಗೆ ಮಂಚದ ಕೆಳಗೆ ಸೇರಿದ್ದ ಮಷೀನು ವಾಪಸು ಬಂದು ಕೂತಿತ್ತು. ಮದುವೆಯ ಕುರ್ಚಿಯಲ್ಲಿ ಕನ್ನಡಕದ ಹೆಂಗಸೊಬ್ಬರು, ತೊಡೆಯ ಮೇಲೆ ಫಾರಂ, ಕೈಯಲ್ಲಿ ಪನ್ಸಿಟ್ ಶ್ಯಾವಿಗೆಯ ತಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದನ್ನು ಕಣ್ಣಾರೆ ನೋಡಬೇಕೆಂದಿದ್ದವರು ಆಗ ಬಂದು ನೋಡಬಹುದಿತ್ತು.

"ಬಾ ಮಗಳೆ. ಮೇಡಂ ಪಾಲ್ಮಾರೆಸ್ ಬೇಗನೇ ಬಂದ್ಬಿಟ್ರು" ಎಂದಳು ಪೂರಿಂಗ್. ಭಾನುವಾರದ ನೀಲಿ ಅಂಗಿ ತೊಟ್ಟಿದ್ದಳು. "ನಮ್ಮ ಸೊಸೆ ಇವಳೇ. ಕೆಲಸದಲ್ಲಿ ಬಲು ಚುರುಕು."

ಕೆಲಸ ಕೊಡುವವರು ಮನೆ ನೋಡಲು ಬರುತ್ತಾರೆಂದರೆ ಅದು ಮರ್ಯಾದಸ್ಥರ ಮನೆಯೋ ಅಲ್ಲವೋ ಎಂದು ನೋಡಲೇ ಇರಬೇಕು ಎಂದು ಮುದುಕಿ ಲೆಕ್ಕ ಹಾಕಿದ್ದಳು. ಹೆಣ್ಣು ನೋಡಲು ಬಂದವರಿಗೆ ಮಾಡುವ ಹಾಗೆ ಎಲ್ಲವನ್ನೂ ಮಾಡಿದ್ದಳು. ತಪ್ಪು ಅವಳದ್ದಲ್ಲ. ಹೇಳಬೇಕಾದವಳು ಹೇಳಿರಲಿಲ್ಲ.

ಮೇಡಂ ಪಾಲ್ಮಾರೆಸ್ ಫಾರಂ ತಿರುಗಿಸಿದರು. "ಮನೆನ ಚೆನ್ನಾಗಿ ಇಟ್ಕೊಂಡಿದ್ದೀರ. ಟಿ.ವಿ. ಒಂದು. ಫ್ಯಾನ್ ಒಂದು." ಪೆನ್ನು ಕಾಗದದ ಮೇಲೆ ಕರಕರ ಎಂದಿತು. "ಕುರ್ಚಿ. ಆ ಮೂಲೇಲಿ ಬಟ್ಟೆ ಮುಚ್ಚಿರೋದು, ಹೊಲಿಗೆ ಮಷೀನಾ?"

"ಹೌದು ಮೇಡಂ" ಅಂದಳು ಪೂರಿಂಗ್, ಹೆಮ್ಮೆಯಿಂದ.

ವಿಲ್ಮಾ ಎದೆಗೆ ಹಿಡಿದಿದ್ದ ಪತ್ರವನ್ನು ಕೆಳಗಿಳಿಸಿದಳು. ಇವೆಲ್ಲ ಎರವಲು ಎಂದುಬಿಟ್ಟರೆ ಅತಿಥಿಯ ಮುಂದೆ ಅತ್ತೆಯ ಕೆನ್ನೆಗೆ ಹೊಡೆದ ಹಾಗೆ. ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಎದುರಾಡಿದವಳಲ್ಲ. ಅನ್ನದಿದ್ದರೆ ತಿಂಗಳ ಕೊನೆಗೆ ಬೀದಿ. ಅತ್ತ ದರಿ, ಇತ್ತ ಪುಲಿ.

"ಮೇಡಂ, ಅದು..."

"ಹೇಳಿ."

ಅತ್ತೆ ಅವಳತ್ತಲೇ ನೋಡುತ್ತಿದ್ದಳು. ಬಾಯಲ್ಲಿ ಇದ್ದ ನಾಲ್ಕೇ ಹಲ್ಲು ಕಾಣುವಂತೆ ನಗುತ್ತಿದ್ದಳು.

"ಇನ್ನೊಂದು ಲೋಟ ನೀರು ಕೊಡ್ಲಾ ಅಂತ" ಎಂದಳು ವಿಲ್ಮಾ. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಪಾಲ್ಮಾರೆಸ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ಸರಿಪಡಿಸಿಕೊಂಡರು. ಕೆಟ್ಟ ಹೆಂಗಸಲ್ಲ. ಸುಸ್ತಾದ ಹೆಂಗಸು. "ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಮೂವತ್ತು ಜಾಗಕ್ಕೆ ನೂರ ನಲವತ್ತು ಅರ್ಜಿ ಬಂದಿದೆ. ಬೆಳಿಗ್ಗೆ ನೋಡಿದ ಮನೇಲಿ ಮಲಗೋಕೆ ಚಾಪೆ ಇರ್ಲಿಲ್ಲ. ಈ ನೆರವು ತೀರಾ ಇಲ್ದೋರಿಗೆ. ದೇವರ ದಯದಿಂದ ನೀವು ಅಷ್ಟು ಕಷ್ಟದಲ್ಲಿಲ್ಲ."

"ಅಂದ್ರೆ, ಕೆಲಸ ಇಲ್ವಾ?" ಪೂರಿಂಗ್ ಕೇಳಿದಳು.

ಟಿ.ವಿ.ಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಮುದುಕಿ ಸೊಸೆಯ ಮುಖ ನೋಡಿದಳು. ಆಮೇಲೆ ಅವಳ ಕೈಯಲ್ಲಿದ್ದ ಪತ್ರ ನೋಡಿದಳು. ಓದು ಬರದವಳೇನಲ್ಲ. ದಪ್ಪ ಅಕ್ಷರದ ತಲೆಬರಹವನ್ನು ತುಟಿ ಅಲ್ಲಾಡಿಸಿ ಓದಿಕೊಂಡಳು.

"ಇದನ್ನ ನಂಗೆ ಹೇಳೋಕೆ ಏನಾಗಿತ್ತು ನಿಂಗೆ?" ಅಂದಳು ಮೆಲ್ಲಗೆ.

ವಿಲ್ಮಾ ಪತ್ರವನ್ನು ಮೇಡಂ ಕೈಗೆ ಕೊಟ್ಟಳು.

ಪೂರಿಂಗ್ ಎದ್ದಳು. ಫ್ಯಾನಿನ ಪ್ಲಗ್ಗು ಕಿತ್ತಳು. ತಗಡಿನ ಸೂರಿನ ಸೆಕೆ ಒಮ್ಮೆಗೇ ಮೇಲೆ ಬಿತ್ತು. "ಇದು ಪಕ್ಕದ ಮನೆ ದೆಲಿಯಾದು" ಎಂದು ಫ್ಯಾನನ್ನು ಎತ್ತಿಕೊಂಡು ಹೊಸ್ತಿಲ ಆಚೆ ಇಟ್ಟಳು. ಟಿ.ವಿ. ಆರಿಸಿದಳು. "ಇದು ಎದುರು ಮನೆಯವರ್ದು. ಭಾರ. ವಿಲ್ಮಾ, ಒಂದು ಕೈ ಹಿಡಿ." ಇಬ್ಬರೂ ಸೇರಿ ಅದನ್ನೂ ಹೊರಗಿಟ್ಟರು. ಆಗಲೇ ಓಣಿಯಲ್ಲಿ ನಾಲ್ಕು ತಲೆಗಳು ಸೇರಿದ್ದವು. ದೆಲಿಯಾ ತನ್ನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಪೂರಿಂಗ್ ಯಾರನ್ನೂ ನೋಡಲಿಲ್ಲ. ಮೇಜುಬಟ್ಟೆ ಮಡಿಸಿದಳು. "ಇದು ಚರ್ಚಿನ ಪಕ್ಕದ ಅಂಗಡಿಯವಳ್ದು. ನೀವು ಕೂತಿರೋ ಕುರ್ಚಿನೂ ನಮ್ದಲ್ಲ ಮೇಡಂ. ಇರ್ಲಿ, ಏಳ್ಬೇಡಿ."

ಉಳಿದದ್ದು ಮಷೀನು. ಅದನ್ನೂ ಉಳಿದವುಗಳ ಜೊತೆಗೇ ಹೊರಗಿಟ್ಟುಬಿಡಲಿ, ಯಾರದೋ ಎಂದುಬಿಡಲಿ ಎಂದು ವಿಲ್ಮಾ ಮನಸ್ಸಿನಲ್ಲೇ ಬೇಡಿಕೊಂಡಳು. ಅದೊಂದು ಮಾತಿನ ಮೇಲೆ ಎಲ್ಲವೂ ನಿಂತಿತ್ತು.

ಪೂರಿಂಗ್ ಬಾಲಯೇಸುವನ್ನು ಎತ್ತಿ ಪಕ್ಕಕ್ಕಿಟ್ಟು ಕಸೂತಿ ಬಟ್ಟೆ ತೆಗೆದಳು. ಅಂಗೈಯಿಂದ ಕಪ್ಪು ಮಷೀನನ್ನು ಒಮ್ಮೆ ಒರೆಸಿದಳು.

"ಇದು ನಮ್ದು" ಅಂದಳು. "ಬಟ್ಟೆ ಒಗ್ದು ತಗೊಂಡಿದ್ದು. ಬೆಳಿಗ್ಗೆ ಇವಳು ಇದನ್ನ ದೆಲಿಯಾ ಮಂಚದ ಕೆಳಗೆ ಬಚ್ಚಿಟ್ಟಿದ್ಲು, ಕುರ್ಚಿ ತರೋಕೆ ಹೋದಾಗ ನನ್ನ ಕಣ್ಣಿಗೆ ಬಿತ್ತು. ನಮ್ದಲ್ಲದ್ದನ್ನ ನಮ್ದು ಅಂತ ತೋರಿಸಿದ್ದು ನಾನು. ನಮ್ದನ್ನ ನಮ್ದಲ್ಲ ಅಂತ ತೋರಿಸೋಕೆ ಹೊರಟಿದ್ದು ಇವಳು. ಇಬ್ರದ್ದೂ ಬರ್ಕೊಳ್ಳಿ."

ವಿಲ್ಮಾಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಗಿಯಿತು ಅಂದುಕೊಂಡಳು.

ಪಾಲ್ಮಾರೆಸ್ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಫಾರಮ್ಮಿನ ಮೇಲೆ ಒಂದು ಗೀಟು ಎಳೆದರು, ಇನ್ನೊಂದು ಎಳೆದರು, ಮತ್ತೊಂದು ಎಳೆದರು. "ಯಾಕೆ ಬಚ್ಚಿಟ್ರಿ?" ಎಂದು ಕೇಳಿದರು. ಸರದಿಯ ಹೆಂಗಸು ಹೇಳಿದ್ದನ್ನು ವಿಲ್ಮಾ ತಡವರಿಸುತ್ತಾ ಹೇಳಿದಳು.

"ಆ ಸರದಿಯ ಗಾಳಿಸುದ್ದಿಗೆ ಒಂದು ದಿನ ನಾನೇ ಬೆಂಕಿ ಇಡ್ತೀನಿ" ಅಂದರು ಮೇಡಂ. "ನಡೆಯುತ್ತಾ ಇದು?"

"ಅಷ್ಟಕ್ಕಷ್ಟೇ ಮೇಡಂ. ಬಟ್ಟೆ ಎಳೆಯೋ ಹಲ್ಲು ಸವೆದಿದೆ. ಕೈಲೇ ತಳ್ಬೇಕು. ಮಗಳ ಸ್ಕೂಲ್ ಅಂಗಿ ಬಿಟ್ರೆ ಏನೂ ಆಗಲ್ಲ."

"ಒಂದು ಸಾಲು ಹೊಲೀರಿ, ನೋಡ್ತೀನಿ."

ವಿಲ್ಮಾ ಬೆಳಿಗ್ಗೆ ಮಷೀನಿಗೆ ಸುತ್ತಿದ್ದ ಅದೇ ದುಪ್ಪಟಿಯ ಅಂಚು ಹಿಡಿದು ನೆಲದ ಮೇಲೆ ಕೂತಳು. ದಾರ ಪೋಣಿಸಲು ಮೂರು ಸಲ ತಪ್ಪಿತು. ಬೆವರು ಕಣ್ಣಿಗಿಳಿಯಿತು. ಬಲಗೈಯಲ್ಲಿ ಹಿಡಿ ತಿರುಗಿಸುತ್ತಾ ಎಡಗೈಯಲ್ಲಿ ಬಟ್ಟೆ ತಳ್ಳಿದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ಸಾಲು ಗೇಣುದ್ದ ಹೋಗುವಷ್ಟರಲ್ಲಿ ಎರಡು ಕಡೆ ಸೊಟ್ಟಗಾಯಿತು.

ಪಾಲ್ಮಾರೆಸ್ ಬಗ್ಗಿ ನೋಡಿದರು. "ಸೊಟ್ಟ ಇದೆ."

"ಹೌದು ಮೇಡಂ."

"ಅದಕ್ಕೇ ಅಲ್ವಾ ತರಬೇತಿ ಇರೋದು" ಎಂದು ಏನೋ ಬರೆದುಕೊಂಡರು. "ಆದ್ರೆ ಪಟ್ಟಿ ಮಾಡೋದು ನಾನೊಬ್ಬಳೇ ಅಲ್ಲ. ಆಸೆ ಇಟ್ಕೋಬೇಡಿ. ಶುಕ್ರವಾರ ಬನ್ನಿ."

ಏಳಲು ಹೋದವರನ್ನು ಪೂರಿಂಗ್ ತಡೆದಳು. "ತಟ್ಟೆನೂ ದೆಲಿಯಾದೇ ಮೇಡಂ. ಆದ್ರೆ ಅದರಲ್ಲಿರೋದು ನಮ್ದು. ಬಿಡ್ಬೇಡಿ."

ಫ್ಯಾನಿಲ್ಲದ ಕೋಣೆಯಲ್ಲಿ ಮೇಡಂ ಬೆವರೊರೆಸಿಕೊಳ್ಳುತ್ತಾ ತಟ್ಟೆ ಖಾಲಿ ಮಾಡಿದರು. ಅದು ಮರುದಿನದ ಅಕ್ಕಿಯ ದುಡ್ಡು ಎಂಬುದು ವಿಲ್ಮಾಗೆ ಗೊತ್ತಿತ್ತು. ಗುರುವಾರ ಅವರು ಗಂಜಿಯಲ್ಲೇ ಕಳೆದರು.

ಶುಕ್ರವಾರ ಪಟ್ಟಿಯನ್ನು ವಿಲ್ಮಾ ಕೆಳಗಿನಿಂದ ಓದಿದಳು. ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಇಪ್ಪತ್ತೇಳನೆಯ ಹೆಸರು ತನ್ನದು ಎಂದು ನಂಬಲು ಅವಳು ಅದನ್ನು ಬೆರಳಿಟ್ಟು ಎರಡು ಸಲ ಓದಬೇಕಾಯಿತು. ತರಬೇತಿಯ ಕಿಟಕಿಯಾಕೆ ಫಾರಂ ಹೊರಗೆ ತಳ್ಳಿ, ಬರೆದದ್ದೆಲ್ಲ ನಿಜ, ಏನನ್ನೂ ಮುಚ್ಚಿಟ್ಟಿಲ್ಲ ಅನ್ನುವ ಸಾಲಿನ ಕೆಳಗೆ ಸಹಿ ಹಾಕಲು ಹೇಳಿದಳು. ಮನೆಯಲ್ಲಿರುವ ವಸ್ತುಗಳ ಜಾಗದಲ್ಲಿ ಟಿ.ವಿ. ಹೊಡೆದು ಹಾಕಿತ್ತು, ಫ್ಯಾನು ಹೊಡೆದು ಹಾಕಿತ್ತು, ಕುರ್ಚಿಯೂ. ಉಳಿದದ್ದು ಒಂದೇ: ಹಳೆಯ ಹೊಲಿಗೆ ಮಷೀನು, ದುರಸ್ತಿಯಾಗಬೇಕು. ತೀರಾ ಕೆಳಗೆ, ಭೇಟಿಗೆ ಹೋದ ಅಧಿಕಾರಿ ಆ ಮನೆಯಿಂದ ಏನಾದರೂ ಪಡೆದಿದ್ದರೆ ತಿಳಿಸಬೇಕು ಎಂಬ ಸಾಲಿನ ಮುಂದೆ ಪಾಲ್ಮಾರೆಸರ ಕೈಬರಹವಿತ್ತು: ಒಂದು ತಟ್ಟೆ ಪನ್ಸಿಟ್.

ಮನೆಗೆ ಬಂದು ವಿಲ್ಮಾ ಎಲ್ಲವನ್ನೂ ಹೇಳಿದಳು. ಎರಡು ತಿಂಗಳ ಬಾಡಿಗೆ, ಸೋಮವಾರದಿಂದ ಮೂರು ತಿಂಗಳ ತರಬೇತಿ. ಹೇಳುತ್ತಾ ಅತ್ತಳು. ಕೊನೆಗೆ ಆ ಕೊನೆಯ ಸಾಲನ್ನೂ ಹೇಳಿದಳು. ಪೂರಿಂಗ್ ಮಷೀನಿಗೆ ಎಣ್ಣೆ ಬಿಡುತ್ತಿದ್ದವಳು ತಲೆ ಎತ್ತಿದಳು.

"ಚೆನ್ನಾಗಿತ್ತು ಅಂತ ಬರ್ದಿಲ್ವಾ?" ಅಂದಳು.