ಹತ್ತನೆಯ ಹೆಸರು

"ಉಪ್ಪಿನ ಡಬ್ಬಿ ನೀನು, ಮೆಣಸಿನ ಡಬ್ಬಿ ಸ್ಯಾಂಡರ್ಲಿನ್. ಹೂಂ, ಶುರು ಹಚ್ಕೋ," ಎಂದ ಲೆಮ್ ಹಾರ್‌ಗ್ರೋವ್, ಮೊಟ್ಟೆ ತಿಂದ ತಟ್ಟೆಯನ್ನು ಮೇಜಿನ ಅಂಚಿಗೆ ತಳ್ಳುತ್ತಾ.

ಎದುರಿಗೆ ಕೂತಿದ್ದ ಕ್ಲಿಫ್ಟನ್ ಮೇಹ್ಯೂ ಆರಡಿ ಮೂರಂಗುಲದ ಆಳು. ಆ ಪುಟ್ಟ ಅಡುಗೆಮನೆಯಲ್ಲಿ ಅವನು ಕೂತರೆ ಬೇರೆಯವರಿಗೆ ಒಲೆಯ ಹತ್ತಿರ ಹೋಗಲೂ ದಾರಿಯಿರಲಿಲ್ಲ. "ಒಂಚೂರು ಕಾಲು ಮಡಚ್ಕೊಳ್ಳೋ ಕಂದಾ, ಈ ಮನೇಲಿ ನಾನೂ ಬದುಕ್ಬೇಕು," ಎಂದು ಲೆಮ್‌ನ ಹೆಂಡತಿ ಒಡೆಸ್ಸಾ ಗೊಣಗಿ, ಅವನ ಎಡಗೈ ಪಕ್ಕ ಕಾಫಿ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

ಉತ್ತರ ಫಿಲಡೆಲ್ಫಿಯಾದ ಈ ಅಡುಗೆಮನೆಯಲ್ಲಿ ಹೆವಿವೇಟ್ ಬಾಕ್ಸರುಗಳ ಹಣೆಬರಹ ತೀರ್ಮಾನವಾಗುತ್ತದೆ ಎಂದರೆ ಯಾರಾದರೂ ನಗುತ್ತಾರೆ. ಆದರೆ ಸಂಗತಿ ಹಾಗೇ ಇತ್ತು. ಪತ್ರಿಕೆಯೊಂದು ತಿಂಗಳಿಗೊಮ್ಮೆ ಹತ್ತು ಹೆಸರಿನ ಪಟ್ಟಿ ಹಾಕುತ್ತಿತ್ತು. ಮೇಲಿನವರದೇನೂ ಕಷ್ಟವಿಲ್ಲ, ಒಬ್ಬ ಇನ್ನೊಬ್ಬನನ್ನು ಹೊಡೆದು ಮಲಗಿಸಿರುತ್ತಾನೆ. ತಲೆನೋವೆಲ್ಲ ಕೆಳಗಿನವರದು. ಅವರು ಒಬ್ಬರಿಗೊಬ್ಬರು ಎದುರಾದವರೇ ಅಲ್ಲ. ಇವನು ಸೋಲಿಸಿದವನಿಗೆ ಅವನು ಸೋತಿರುತ್ತಾನೆ, ಅವನು ಸೋಲಿಸಿದವನಿಗೆ ಇವನು. ಅದಕ್ಕೇ ಲೆಮ್ ಸೇರಿ ಐದು ಜನ ಮುದಿ ಕೋಚ್‌ಗಳು ತಿಂಗಳ ಮೊದಲ ಶನಿವಾರ ತಂತಮ್ಮ ಮನೆಯಲ್ಲಿ ಕೂತು, ನಡೆಯದ ಪಂದ್ಯವನ್ನು ನಡೆಸಿ ನೋಡಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಸಂಪಾದಕ ಫೆಲ್ಡ್‌ಮನ್ ಫೋನ್ ಮಾಡುತ್ತಾನೆ. ಬರೀ ಹೆಸರು ಹೇಳಿದರೆ ಅವನು ಒಪ್ಪುವವನಲ್ಲ. ಯಾವ ಸುತ್ತಿನಲ್ಲಿ, ಯಾವ ಕೈಯಲ್ಲಿ, ಯಾಕೆ ಎಂದು ಹೇಳಬೇಕು. ಈ ಸಲ ಹತ್ತನೇ ಜಾಗಕ್ಕೆ ಕ್ಲಿಫ್ಟನ್‌ಗೆ ಇಬ್ಬರು, ಸ್ಯಾಂಡರ್ಲಿನ್‌ಗೆ ಇಬ್ಬರು ಎಂದಾಗಿತ್ತು. ಉಳಿದದ್ದು ಲೆಮ್‌ನ ಮಾತು.

"ಚಾಂಪಿಯನ್ ಕಡೆಯವ್ರು ಪಟ್ಟೀಲಿರೋರನ್ನ ಬಿಟ್ಟು ಬೇರೆಯವ್ರನ್ನ ಮೂಸೂ ನೋಡಲ್ಲ, ಪಾಪ್ಸ್," ಎಂದ ಕ್ಲಿಫ್ಟನ್, ಲೆಮ್‌ನನ್ನು ಎಂದಿನಂತೆ ಅಪ್ಪನ ಸಲಿಗೆಯಲ್ಲಿ ಕರೆದು. "ಹದಿನಾಲ್ಕು ತಿಂಗಳಾಯ್ತು ನಂಗೊಂದು ಪಂದ್ಯ ಸಿಕ್ಕಿ. ಮೂವತ್ನಾಲ್ಕು ತುಂಬ್ತು. ಇದೊಂದು ತಪ್ಪಿದ್ರೆ ನನ್ ಕಥೆ ಮುಗೀತು."

"ಬಾಯಲ್ಲಲ್ಲ, ಮೇಜಿನ ಮೇಲೆ ಆಡು."

ಆಡಿದರು. ಜಿಮ್ಮಿನಲ್ಲಿ ಕೋಚ್ ಮತ್ತು ಶಿಷ್ಯರಾಗಿ ಹನ್ನೊಂದು ವರ್ಷ ಹೀಗೇ ಆಡಿದ್ದರು. ಉಪ್ಪು ಮುಂದೆ ಬಂತು, ಮೆಣಸು ಹಿಂದೆ ಸರಿಯಿತು. ಮೊದಲ ಮೂರು ಸುತ್ತನ್ನು ಲೆಮ್ ತಕರಾರಿಲ್ಲದೆ ಕ್ಲಿಫ್ಟನ್‌ಗೆ ಕೊಟ್ಟ. ನಾಲ್ಕನೆಯದು ಸ್ಯಾಂಡರ್ಲಿನ್‌ಗೆ ಹೋಯಿತು. ಐದರಲ್ಲಿ ಕ್ಲಿಫ್ಟನ್ ಪಕ್ಕೆಗೆ ಕೊಟ್ಟ ಏಟಿಗೆ ಲೆಮ್ ತಾನೇ "ಅಬ್ಬಾ!" ಎಂದ. ಹುಡುಗನಿಗೆ ಈಗಲೂ ತಲೆ ಇದೆ, ಕೈ ಇದೆ. ಮುದುಕನಿಗೆ ಹೆಮ್ಮೆಯಾಯಿತು.

"ಆರನೇದ್ರಲ್ಲಿ ಅವನಿಗೆ ಏದುಸಿರು," ಕ್ಲಿಫ್ಟನ್ ಕಿಟಕಿ ಕಡೆ ನೋಡುತ್ತಾ ಪಂದ್ಯವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದ. "ನಾನು ಒಳಗೆ ನುಗ್ತೀನಿ, ಕೆಳಗೆರಡು, ಮೇಲೊಂದು..."

ಲೆಮ್ ಸದ್ದಿಲ್ಲದೆ ಮೆಣಸಿನ ಡಬ್ಬಿಯನ್ನು ಎತ್ತಿ ಕಾಫಿ ಲೋಟದ ಪಕ್ಕ ಇಟ್ಟ. ಸ್ಯಾಂಡರ್ಲಿನ್‌ನ ಬಲಗೈ ಬರುವುದು ಆ ಕಡೆಯಿಂದಲೇ.

ಕ್ಲಿಫ್ಟನ್ ಮೇಜಿಗೆ ಮುಖ ತಿರುಗಿಸಿದ. ಹುಡುಕಿದ. "ಎಲ್ಲಿ ಅವನು? ಎತ್ತಿಟ್ಬಿಟ್ರಾ?"

ಡಬ್ಬಿ ಅವನ ಎಡಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಒಲೆಯ ಹತ್ತಿರ ಒಡೆಸ್ಸಾಳ ಸೌಟು ನಿಂತುಹೋಯಿತು.

"ಯಾವತ್ತಿಂದ ಮಗನೇ?" ಎಂದ ಲೆಮ್.

ಕ್ಲಿಫ್ಟನ್ ಎಡಗೈಯಿಂದ ತಡವಿ ಡಬ್ಬಿಯನ್ನು ಮುಟ್ಟಿದ. "ಬಾಲ್ಟಿಮೋರ್‌ನಿಂದ."

ಬಾಲ್ಟಿಮೋರಿನ ಪಂದ್ಯದಲ್ಲಿ ಎಂಟನೇ ಸುತ್ತು ಮುಗಿದಾಗ ಆ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಊತ ಇಳಿಸಲು ಮಂಜುಗಡ್ಡೆಯಲ್ಲಿಟ್ಟ ಕಬ್ಬಿಣದ ತುಂಡನ್ನು ಅದರ ಮೇಲೆ ಒತ್ತಿ ಹಿಡಿದವನು ಲೆಮ್ ತಾನೇ. 'ಏನೂ ಆಗಿಲ್ಲ, ಹೋಗು' ಎಂದು ಬೆನ್ನು ತಟ್ಟಿ ಒಂಬತ್ತನೇ ಸುತ್ತಿಗೆ ಕಳಿಸಿದವನೂ ತಾನೇ.

"ಡಾಕ್ಟರ್‌ಗಳು ಏನು ಕಡಲೆಕಾಯಿ ತಿಂತಿದ್ರಾ?"

"ಕಣ್ ಪರೀಕ್ಷೆಗೆ ಗೋಡೆ ಮೇಲೆ ಹಾಕೋ ಅಕ್ಷರ ಎಲ್ಲ ಬಾಯಿಪಾಠ ಮಾಡಿದೀನಿ. ಬೇಕಾದ್ರೆ ಹಿಂದಿನಿಂದ್ಲೂ ಹೇಳ್ತೀನಿ." ನಗಲು ನೋಡಿದ, ಆಗಲಿಲ್ಲ. "ನನ್ ಹೆಂಡ್ತಿಗೂ ಗೊತ್ತಿಲ್ಲ ಪಾಪ್ಸ್. ಬೇಡ್ಕೊಳ್ತೀನಿ. ಇದು ಬರೀ ಉಪ್ಪು, ಮೆಣಸು. ನಡೀದೇ ಇರೋ ಪಂದ್ಯ! ಅದ್ರಲ್ಲೂ ನನ್ನ ಗೆಲ್ಲಿಸೋಕಾಗಲ್ವಾ ನಿಮಗೆ?"

"ಇದ್ರಲ್ಲಿ ಗೆದ್ರೆ ನಾಳೆ ನಡಿಯೋದ್ರಲ್ಲಿ ಸಾಯ್ತೀಯಲ್ಲೋ!"

"ಸಾಯ್ತೀನಿ ಬಿಡಿ. ರಿಂಗಿನ ಹಗ್ಗದ ಒಳಗೆ ಸಾಯ್ತೀನಿ. ಹೊರಗೆ ನಿಂತು ಕೊಳೀಬೇಕಾ ನಾನು?"

ಗೋಡೆಯ ಫೋನು ಬಡಿದುಕೊಂಡಿತು. ಲೆಮ್ ಏಳಲಿಲ್ಲ. ಮೂರು ಸಲ, ನಾಲ್ಕು ಸಲ. ಒಡೆಸ್ಸಾಳೇ ಎತ್ತಿ ಗಂಡನ ಕೈಗೆ ಕೊಟ್ಟಳು.

"ಯಾರಪ್ಪಾ ಲೆಮ್?" ಫೆಲ್ಡ್‌ಮನ್‌ನ ದನಿ ಅಡುಗೆಮನೆಗೆಲ್ಲ ಕೇಳಿಸಿತು.

ಕ್ಲಿಫ್ಟನ್ ಉಪ್ಪಿನ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದ.

"ಸ್ಯಾಂಡರ್ಲಿನ್," ಎಂದ ಲೆಮ್. "ಆರನೇ ಸುತ್ತು. ಬಲಗೈ."

"ನಿನ್ನ ಹುಡುಗ ಅದನ್ನ ತಪ್ಪಿಸಿಕೊಳ್ಳಲ್ವೇನೋ? ಏನಾಗಿದೆ ಅವನಿಗೆ?"

ಲೆಮ್ ಗೋಡೆಗೆ ಹಣೆ ಒತ್ತಿದ. "ವಯಸ್ಸಾಗಿದೆ ಅಂತ ಬರ್ಕೋ," ಎಂದು ಫೋನ್ ಇಟ್ಟ.

ತಿರುಗಿ ನೋಡುವಾಗ ಕುರ್ಚಿ ಖಾಲಿಯಾಗಿರುತ್ತದೆ ಎಂದುಕೊಂಡಿದ್ದ. ಹುಡುಗ ಎದ್ದು ತನಗೊಂದು ಬಾರಿಸಿದರೂ ತಪ್ಪೇನಿಲ್ಲ ಎಂದುಕೊಂಡಿದ್ದ. ಕ್ಲಿಫ್ಟನ್ ಅಲ್ಲೇ ಕೂತಿದ್ದ. ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಉಪ್ಪಿನ ಡಬ್ಬಿಯನ್ನು ಮೇಜಿನ ಮಧ್ಯಕ್ಕೆ ತಂದು ನಿಲ್ಲಿಸಿದ.

"ಬಿದ್ದೆ, ಎಂಟು ಎಣಿಸೋದ್ರೊಳಗೆ ಎದ್ದೆ," ಎಂದ. "ಏಳನೇ ಸುತ್ತು."

ಲೆಮ್ ಬಂದು ಎದುರಿಗೆ ಕೂತ. ಕಾಫಿ ಲೋಟದ ಪಕ್ಕದಿಂದ ಮೆಣಸಿನ ಡಬ್ಬಿಯನ್ನು ಎತ್ತಿ, ಹುಡುಗನ ಬಲಗಡೆಗೆ, ಅವನಿಗೆ ಕಾಣುವ ಕಡೆಗೆ ತಂದಿಟ್ಟ.